ದಿನಕರ ದೇಸಾಯಿ: ಅವರವರಿಗೆ ಅವರವರ ಮಾತು

ನಮ್ಮ ಮಂಜಗುಣಿಯಲ್ಲಿ ಗಂಗಾವಳಿ ಹೊಳೆಯು ಸಮುದ್ರವನ್ನು ಸೇರುತ್ತದೆ. ಈ ದಡ ಅಂಕೋಲೆ ತಾಲೂಕು, ಆ ದಡ ಕುಮಟೆ ತಾಲೂಕು. ಆಚೆಯ ಊರಿನ ಹೆಸರೂ ಗಂಗಾವಳಿಯೇ. ಅಲ್ಲಿಂದ ಮುಂದೆ ಹೋದರೆ ಗೋಕರ್ಣ. ಈಗ ಹೊಳೆಗೆ ಸೇತುವೆಯಾಗಿದೆ. ಸೇತುವೆಯಿಲ್ಲದ ಕಾಲದಲ್ಲಿ ತಾರಿಯ ದೋಣಿಯೇ ಎಲ್ಲರಿಗೂ ಗತಿ. ನನ್ನ ಅಜ್ಜ ಆ ತಾರಿಯಲ್ಲಿ ಬಹುಕಾಲ ಹುಟ್ಟು ಹಾಕಿದವರು. ಓದು ಬರಹ ಅವರಿಗೆ ಹೆಚ್ಚು ಬಾರದು; ಆದರೆ ದೋಣಿ ಹತ್ತಿದವನ ಮುಖವನ್ನು ಓದುವ ವಿದ್ಯೆ ಚೆನ್ನಾಗಿ ಬರುತ್ತಿತ್ತು. ನೀರಿಗೆ ಅಂಜುವವನು ಬಂದರೆ ಅಂಜಬೇಡವೆಂದು ಅವರು ಎಂದೂ ಹೇಳುತ್ತಿರಲಿಲ್ಲವಂತೆ; ಅವನ ಕೈಗೆ ಒಂದು ಹಗ್ಗದ ತುದಿಯನ್ನು ಕೊಟ್ಟು ಹಿಡಿದುಕೊಳ್ಳಲು ಹೇಳುತ್ತಿದ್ದರಂತೆ. ಅವಸರದ ಅಧಿಕಾರಿಗೆ ಭರತ ಇಳಿತದ ಹೊತ್ತನ್ನಷ್ಟೇ ತಿಳಿಸಿ ಸುಮ್ಮನಾಗುವರು. ವಾದ ಮಾಡುವವನಿಗೆ ಹೂಂಗುಟ್ಟುತ್ತ ದೋಣಿಯನ್ನು ದಡಕ್ಕೆ ಮುಟ್ಟಿಸುವರು. ಗಂಡನ ಮನೆಗೆ ಮೊದಲ ಸಲ ಹೊರಟ ಹುಡುಗಿ ಕುಳಿತಿದ್ದರೆ ಹೊಳೆ ದಾಟುವವರೆಗೂ ಬಾಯಿ ಬಿಡುತ್ತಿರಲಿಲ್ಲ. ದೋಣಿ ಒಂದೇ, ಹೊಳೆ ಒಂದೇ, ಸೇರಬೇಕಾದ ದಡವೂ ಒಂದೇ. ಮಾತು ಮಾತ್ರ ಮಂದಿಗೊಂದು.

ಈ ವಿದ್ಯೆ ನನಗೆ ಬರುವುದಿಲ್ಲವೆಂಬುದು ಕಳೆದ ಮಳೆಗಾಲದಲ್ಲಿ ನನಗೆ ತಿಳಿಯಿತು. ರಜೆಯಲ್ಲಿ ನಾಲ್ಕು ಕಾಸು ಸಿಕ್ಕೀತೆಂದು ಮುಂಗಾರು ಬೆಳೆ ಸಮೀಕ್ಷೆಯ ಕೆಲಸಕ್ಕೆ ಸೇರಿದ್ದೆ. ಗದ್ದೆಗೇ ಹೋಗಿ, ಪಹಣಿಯ ಸರ್ವೆ ನಂಬರನ್ನು ಬೆಳೆಯೊಡನೆ ಹೊಂದಿಸಿ, ಫೋನಿನಲ್ಲಿ ಚಿತ್ರ ತೆಗೆದು ಕಳುಹಿಸುವುದು ಕೆಲಸ. ಮೊದಲ ದಿನವೇ ಒಂದು ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಎಲ್ಲರ ಮುಂದೆಯೂ ಅದನ್ನೇ ಒಪ್ಪಿಸುತ್ತ ನಡೆದೆ: ಸರಕಾರದ ಯೋಜನೆ, ಬೆಳೆ ವಿಮೆ, ದಾಖಲೆಯ ಮಹತ್ವ ಇತ್ಯಾದಿ. ಕೆಲವರು ಕೇಳಿದರು, ಕೆಲವರು ನಕ್ಕರು. ಒಂದು ಕೇರಿಯಲ್ಲಿ ವಯಸ್ಸಾದ ಅಜ್ಜಿಯೊಬ್ಬಳು ಮಾತ್ರ ನನ್ನ ಭಾಷಣ ಮುಗಿಯುವ ಮೊದಲೇ ಎದ್ದು ಗದ್ದೆಯ ಹಾಳಿಯ ಮೇಲೆ ಅಡ್ಡ ನಿಂತುಬಿಟ್ಟಳು. ಸರ್ವೆ ನಂಬರು ಹೇಳಲಿಲ್ಲ, ಚಿತ್ರ ತೆಗೆಯಗೊಡಲಿಲ್ಲ. ನಾನು ದನಿ ಏರಿಸಿ ಅದೇ ಮಾತುಗಳನ್ನು ಇನ್ನೊಮ್ಮೆ ಹೇಳಿದೆ. ಆಕೆ ಅಳತೊಡಗಿದಳು. ನಾನು ಗದ್ದೆಯನ್ನು ಕಸಿದುಕೊಳ್ಳಲು ಬಂದವನೆಂದು ಆಕೆ ತಿಳಿದಿದ್ದಳೆಂಬುದು ನೆರೆಮನೆಯವರು ಹೇಳಿದ ಮೇಲೆ ನನಗೆ ಗೊತ್ತಾಯಿತು. ಆ ಗದ್ದೆ ಹಿಂದೆ ಗೇಣಿಯದಾಗಿತ್ತು.

ಈ ಸಂಗತಿಯನ್ನು ನಮ್ಮ ಅಧ್ಯಾಪಕರೊಬ್ಬರ ಮುಂದೆ ಹೇಳಿಕೊಂಡಾಗ ಅವರು ಉಪದೇಶವನ್ನೇನೂ ಮಾಡಲಿಲ್ಲ. ದಿನಕರ ದೇಸಾಯಿಯವರ ಬಾಳನ್ನು ಓದಿಕೊಂಡು ಬಾ ಎಂದರು. ನಮ್ಮ ಜಿಲ್ಲೆಯವನಾಗಿ ನಾನು ಅವರ ಹೆಸರನ್ನು ಕೇಳಿರಲಿಲ್ಲವೆಂದಲ್ಲ. ಚುಟುಕು ಬ್ರಹ್ಮರೆಂದು ಕೇಳಿದ್ದೆ. ಚುಟುಕದ ಹಿಂದೆ ಇಷ್ಟು ದೊಡ್ಡ ಕೆಲಸಗಾರರಿದ್ದರೆಂಬುದನ್ನು ಮಾತ್ರ ಅರಿತಿರಲಿಲ್ಲ. ಓದಿ ತಿಳಿದುದನ್ನು ಸಹಪಾಠಿಗಳೆದುರು ಇಡುವುದು ಈ ಲೇಖನದ ಉದ್ದೇಶ.

ದಿನಕರ ದೇಸಾಯಿಯವರು 1909ರ ಸಪ್ಟಂಬರ 10ರಂದು ಹುಟ್ಟಿದರು. ಊರು ಅಂಕೋಲೆ ತಾಲೂಕಿನ ಅಲಗೇರಿ. ವಿಮಾನ ನಿಲ್ದಾಣದ ಭೂಸ್ವಾಧೀನದ ಸುದ್ದಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ನಾವು ಹೆಸರು ಕೇಳಿರುವ ಅಲಗೇರಿ ಅದೇ. ತಂದೆ ದತ್ತಾತ್ರೇಯರು ಶಾಲಾಮಾಸ್ತರರು. ಆಗ ನಮ್ಮ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಕನ್ನಡ ಮಾತನಾಡುವ ಹುಡುಗನಿಗೆ ದೊಡ್ಡ ಕಚೇರಿಯೆಂದರೆ ಮುಂಬಯಿ, ಅಲ್ಲಿಯ ಕಾಗದವೆಲ್ಲ ಇಂಗ್ಲಿಷಿನಲ್ಲಿ. ದೇಸಾಯಿಯವರು ಮೈಸೂರಿನಲ್ಲಿ ಬಿ. ಎ. ಓದಿದರು. ಹೊಸಗನ್ನಡ ಕವಿತೆಯ ಗಾಳಿ ಅಲ್ಲಿ ಜೋರಾಗಿ ಬೀಸುತ್ತಿದ್ದ ಕಾಲವದು. ಅನಂತರ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಇತಿಹಾಸದಲ್ಲಿ ಎಂ. ಎ. ಮಾಡಿದರು, ವಕೀಲಿಯ ಪರೀಕ್ಷೆಯನ್ನೂ ಮುಗಿಸಿದರು. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರನ್ನು ಕುರಿತ ಅವರ ಸಂಶೋಧನೆ 1951ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದಿತು. ಶಾಸನಗಳನ್ನು ಓದಿ, ಯಾವ ಸಾಮಂತನು ಯಾವ ಬಿರುದನ್ನು ಧರಿಸಿದ, ಯಾರಿಗೆ ತಲೆಬಾಗಿದ ಎಂದು ಲೆಕ್ಕ ಹಾಕಬಲ್ಲವರು ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಸುಖವಾಗಿರಬಹುದಾಗಿತ್ತು. ವಕೀಲರಾಗಿ ಹಣ ಗಳಿಸಬಹುದಾಗಿತ್ತು. ಎರಡನ್ನೂ ಬಿಟ್ಟು 1930ರ ದಶಕದ ನಡುವಿನಲ್ಲಿ ಅವರು ಭಾರತ ಸೇವಕ ಸಮಾಜವನ್ನು ಸೇರಿದರು.

ಈ ಸಮಾಜವನ್ನು ಕುರಿತು ಒಂದೆರಡು ಮಾತು ಹೇಳಲೇಬೇಕು, ಏಕೆಂದರೆ ದೇಸಾಯಿಯವರ ನಾಲಿಗೆಗೆ ಶಿಸ್ತು ಬಂದುದು ಅಲ್ಲಿ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಇದನ್ನು ಸ್ಥಾಪಿಸಿದರು. ಸದಸ್ಯರಾದವರು ಸ್ವಂತಕ್ಕೆ ಹಣ ಗಳಿಸುವಂತಿಲ್ಲ. ಸಮಾಜ ಕೊಟ್ಟಷ್ಟರಲ್ಲಿ ಹೊಟ್ಟೆ ಹೊರೆದುಕೊಂಡು ದೇಶದ ಕೆಲಸ ಮಾಡಬೇಕು. ಮೊದಲ ಕೆಲವು ವರ್ಷ ಅಭ್ಯಾಸ, ಮಾತು ಆಮೇಲೆ. ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಆಯವ್ಯಯದ ಮೇಲೆ ಎದ್ದು ನಿಂತರೆ ಇಂಗ್ಲಿಷ್ ಅಧಿಕಾರಿಗಳು ಕಿವಿಗೊಡುತ್ತಿದ್ದುದು ಅವರ ಗಂಟಲಿಗಲ್ಲ, ಅವರ ಅಂಕಿಗಳಿಗೆ. ಸರಕಾರದ ಲೆಕ್ಕವನ್ನೇ ಹಿಡಿದು ಸರಕಾರದ ಮುಂದಿಡುವ ರೀತಿ ಅವರದು. 1911ರಲ್ಲಿ ಅವರು ತಂದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಬಿದ್ದುಹೋಯಿತು ನಿಜ. ಆದರೆ ಬೀಳಿಸಿದವರೂ ಅವರ ವಾದ ಸರಿಯಿಲ್ಲವೆಂದು ಹೇಳಲು ಕಷ್ಟಪಟ್ಟರು. ಲೆಕ್ಕದ ಮನುಷ್ಯನಿಗೆ ಲೆಕ್ಕವನ್ನೇ ತೋರಿಸಬೇಕೆಂಬ ಪಾಠ ದೇಸಾಯಿಯವರಿಗೆ ಈ ಪರಂಪರೆಯಿಂದ ಬಂದಿತೆಂದು ನಾನು ತಿಳಿಯುತ್ತೇನೆ.

ಆದರೆ ಅವರನ್ನು ಮೊದಲು ಕರೆದುದು ಲೆಕ್ಕ ಓದಬಲ್ಲವರಲ್ಲ. ಅಂಕೋಲೆ ಕುಮಟೆಯ ಗೇಣಿ ಒಕ್ಕಲುಗಳು. ಆ ಕಾಲದಲ್ಲಿ ನಮ್ಮ ಕಡೆಯ ಗದ್ದೆಗಳಲ್ಲಿ ಉಳುವವನು ಒಬ್ಬ, ಒಡೆಯ ಇನ್ನೊಬ್ಬ. ಬೆಳೆದ ಭತ್ತದ ದೊಡ್ಡ ಪಾಲು ಗೇಣಿಯಾಗಿ ಒಡೆಯನ ಅಂಗಳಕ್ಕೆ ಹೋಗುತ್ತಿತ್ತು. ಅಳೆದುಕೊಟ್ಟುದಕ್ಕೆ ಪಾವತಿ ಇಲ್ಲ. ಕೊಟ್ಟಿಲ್ಲವೆಂದು ಒಡೆಯನು ಹೇಳಿದರೆ ಇಲ್ಲವೆನ್ನಲು ಸಾಕ್ಷಿ ಇಲ್ಲ. ಬಿಟ್ಟಿ ಬೇರೆ. 1938ರ ಸುಮಾರಿಗೆ ದೇಸಾಯಿಯವರೂ ಅವರ ಜೊತೆಗಾರರೂ ರೈತಕೂಟವನ್ನು ಕಟ್ಟಿ ಈ ಒಕ್ಕಲುಗಳ ನಡುವೆ ಕೆಲಸಕ್ಕೆ ತೊಡಗಿದರು. ಅಂಕೋಲೆಯ ಜನ ಹೋರಾಟಕ್ಕೆ ಹೊಸಬರಾಗಿರಲಿಲ್ಲ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕಕ್ಕೇ ಮುಂದಾಗಿ ನಿಂತ ತಾಲೂಕು ಅದು. ಆದರೆ ಸರಕಾರದೊಡನೆ ಹೋರಾಡುವುದು ಒಂದು, ಬೆಳಗಾದರೆ ಮುಖ ನೋಡಬೇಕಾದ ಒಡೆಯನೊಡನೆ ಹೋರಾಡುವುದು ಇನ್ನೊಂದು. ಬ್ರಿಟಿಷ್ ಸರಕಾರ ದೂರದಲ್ಲಿತ್ತು; ಒಡೆಯನ ಮನೆ ಗದ್ದೆಯ ಆಚೆಗೇ ಇತ್ತು.

ಇಲ್ಲಿ ನಾನು ತುಸು ನಿಲ್ಲುತ್ತೇನೆ, ಏಕೆಂದರೆ ಮಾತಿನ ನಿಜವಾದ ಪರೀಕ್ಷೆ ಇದೇ. ಒಕ್ಕಲುಗಳೆಂದರೆ ನಾವು ಪುಸ್ತಕದಲ್ಲಿ ಒಂದು ವರ್ಗವೆಂದು ಓದುತ್ತೇವೆ. ಕೇರಿಗೆ ಹೋದವನಿಗೆ ವರ್ಗ ಕಾಣುವುದಿಲ್ಲ, ಮನುಷ್ಯರು ಕಾಣುತ್ತಾರೆ. ಒಬ್ಬನು ಅಂಜುಬುರುಕ, ಸಭೆಗೆ ಬಂದುದು ಒಡೆಯನಿಗೆ ತಿಳಿದರೇನು ಗತಿ ಎಂಬುದೇ ಅವನ ಚಿಂತೆ. ಇನ್ನೊಬ್ಬನು ಮುಂಗೋಪಿ, ಇಂದೇ ಹೋಗಿ ಕಣಜ ಒಡೆಯೋಣವೆನ್ನುವವನು. ಮತ್ತೊಬ್ಬನು ಲೆಕ್ಕಾಚಾರದವನು, ಕೂಟ ಗೆದ್ದರೆ ಸೇರೋಣ, ಅಲ್ಲಿಯವರೆಗೆ ನೋಡೋಣವೆನ್ನುವವನು. ಇನ್ನೊಬ್ಬನು ಒಡೆಯನಿಗೆ ನಿಜವಾಗಿ ನಿಷ್ಠೆಯುಳ್ಳವನು, ಹಿಂದೆ ಅವನ ಮನೆಯಲ್ಲಿ ಬಾಣಂತನಕ್ಕೆ ಅಕ್ಕಿ ಕೊಟ್ಟವರೆಂಬ ಉಪಕಾರ ಸ್ಮರಣೆಯಿಂದ ಕಟ್ಟುಬಿದ್ದವನು. ಇವರೆಲ್ಲರಿಗೂ ಒಂದೇ ಭಾಷಣ ಮಾಡಿದರೆ ಅಂಜುವವನು ಇನ್ನಷ್ಟು ಅಂಜುತ್ತಾನೆ, ಮುಂಗೋಪಿ ಜೈಲಿಗೆ ಹೋಗುತ್ತಾನೆ, ಲೆಕ್ಕಾಚಾರದವನು ಎದ್ದು ಮನೆಗೆ ನಡೆಯುತ್ತಾನೆ, ನಿಷ್ಠೆಯವನು ಶತ್ರುವಾಗುತ್ತಾನೆ. ನಾನು ಗದ್ದೆಯ ಹಾಳಿಯ ಮೇಲೆ ಮಾಡಿದ ತಪ್ಪು ಇದೇ ಜಾತಿಯದು.

ರೈತಕೂಟವು ಹಿಡಿದ ಮೂಲಮಾತು ಬಹಳ ಚಿಕ್ಕದು: ಉಳುವವನಿಗೆ ಭೂಮಿ. ಕೂಟದವರು ಊರ ಮಾತಿನಲ್ಲಿ ಮಾತನಾಡಿದರು, ಗುಂಪುಗೂಡಿಸಿದರು, ಪದ ಕಟ್ಟಿ ಹಾಡಿಸಿದರು. ಗುಂಪಿನಲ್ಲಿ ನಿಂತಾಗ ಅಂಜುಬುರುಕನ ಬೆನ್ನು ನೆಟ್ಟಗಾಗುತ್ತದೆ. ಹಾಡುವಾಗ ಮುಂಗೋಪಿಯ ಸಿಟ್ಟು ಬಾಯಿಯಿಂದ ಹೋಗುತ್ತದೆ. ಲೆಕ್ಕಾಚಾರದವನಿಗೆ ಕಾಯಿದೆಯನ್ನು ತೋರಿಸಬೇಕಾಗಿತ್ತು, ಮತ್ತು ಕಾಯಿದೆಯೂ ನಿಧಾನವಾಗಿ ಬಂದಿತು. ಮುಂಬಯಿ ಸರಕಾರ 1939ರಲ್ಲಿ ಗೇಣಿ ಕಾಯಿದೆಯೊಂದನ್ನು ಮಾಡಿತು; 1948ರಲ್ಲಿ ಇನ್ನೂ ಗಟ್ಟಿಯಾದುದು ಬಂದಿತು. ನೀರಾವರಿ ಜಮೀನಿನಲ್ಲಿ ಬೆಳೆಯ ನಾಲ್ಕರಲ್ಲಿ ಒಂದು ಪಾಲು, ಉಳಿದುದರಲ್ಲಿ ಮೂರರಲ್ಲಿ ಒಂದು ಪಾಲು ಮೀರಿ ಗೇಣಿ ತೆಗೆದುಕೊಳ್ಳಕೂಡದೆಂದು ಅದರಲ್ಲಿತ್ತು. ಕಾಯಿದೆಯು ಭಿನ್ನರಾಶಿಯಲ್ಲಿ ಮಾತನಾಡುತ್ತದೆ, ಒಕ್ಕಲು ಕೊಳಗದಲ್ಲಿ ಎಣಿಸುತ್ತಾನೆ. ಈ ಎರಡರ ನಡುವೆ ನಿಂತು, ನಿನ್ನ ಅಂಗಳದಲ್ಲಿ ಇಷ್ಟು ಕೊಳಗ ಉಳಿಯಬೇಕು ಎಂದು ಹೇಳುವವನೊಬ್ಬನು ಇಲ್ಲದಿದ್ದರೆ ಕಾಯಿದೆ ಗೆಜೆಟ್ಟಿನಲ್ಲಿಯೇ ಕೊಳೆಯುತ್ತದೆ. (ಶಿವಮೊಗ್ಗೆ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ಮೂಲದಲ್ಲಿಯೂ ಗೇಣಿ ಅಳೆಯುವ ಕೊಳಗದ ಜಗಳವಿತ್ತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ನೆನೆಯಬೇಕು.)

ಸರಕಾರಕ್ಕೆ ಈ ಮಾತು ಹಿಡಿಸಲಿಲ್ಲ. 1940ರ ಸುಮಾರಿಗೆ ದೇಸಾಯಿಯವರನ್ನು ಉತ್ತರ ಕನ್ನಡ ಜಿಲ್ಲೆಯಿಂದ ಗಡೀಪಾರು ಮಾಡಲಾಯಿತು. ಕೆಲವು ವರ್ಷಗಳವರೆಗೆ ಅವರು ತಮ್ಮ ಊರಿಗೇ ಕಾಲಿಡುವಂತಿರಲಿಲ್ಲ. 1940ರಲ್ಲಿಯೇ ಭಾರತ ಸೇವಕ ಸಮಾಜವು ಮುಂಬಯಿಯಲ್ಲಿ ಅವರ ಇನ್ನೊಂದು ಪುಸ್ತಕವನ್ನು ಪ್ರಕಟಿಸಿತು. ಭಾರತದ ಕಡಲ ಕಾರ್ಮಿಕರನ್ನು ಕುರಿತ ಇಂಗ್ಲಿಷ್ ಗ್ರಂಥವದು. ಅದೇ ಮನುಷ್ಯ, ಬಡವನ ಪರವಾದ ಅದೇ ಮಾತು; ಇಂಗ್ಲಿಷಿನಲ್ಲಿ ಅಂಕಿಗಳೊಡನೆ ಹೇಳಿದಾಗ ಕಪಾಟಿನಲ್ಲಿ ಸ್ಥಾನ ಸಿಕ್ಕಿತು, ಕನ್ನಡದಲ್ಲಿ ಕೇರಿಯ ನಡುವೆ ಹೇಳಿದಾಗ ಗಡೀಪಾರು ಸಿಕ್ಕಿತು. ಯಾರೊಡನೆ ಹೇಗೆ ಮಾತನಾಡಬೇಕೆಂಬ ಕಲೆಯನ್ನು ಕೆಲವರು ಬರಿಯ ಜಾಣತನವೆಂದು, ಕೆಲಸ ಸಾಧಿಸುವ ಉಪಾಯವೆಂದು ತಿಳಿದಿದ್ದಾರೆ. ಕೇಳುವವನ ಮನಸ್ಸನ್ನು ನಿಜವಾಗಿ ಮುಟ್ಟುವ ಮಾತು ಆಡಿದವನಿಗೆ ಅದರ ಬೆಲೆಯನ್ನೂ ತೆರಬೇಕಾಗುತ್ತದೆ. ದೇಸಾಯಿಯವರು ತೆತ್ತರು.

ಗಡೀಪಾರಿನ ಕಾಲದಲ್ಲಿ ಅವರ ಕರ್ಮಭೂಮಿ ಮುಂಬಯಿ ಬಂದರು. ಅಲ್ಲಿಯ ಹಡಗು ಕೆಲಸಗಾರರ ಸಂಘಟನೆಯಲ್ಲಿ ಅವರು ಬಹಳ ವರ್ಷ ದುಡಿದರು. ಗದ್ದೆಯ ಮಣ್ಣಿನಿಂದ ಹಡಗಿನ ಅಟ್ಟಕ್ಕೆ ಹೋದುದು ನಮಗೆ ದೊಡ್ಡ ಜಿಗಿತವಾಗಿ ಕಾಣುತ್ತದೆ. ಅವರಿಗೆ ಹಾಗೆ ಕಂಡಿರಲಾರದು. ಅಲ್ಲಿಯೂ ದುಡಿಯುವವನು ಒಬ್ಬ, ಉಣ್ಣುವವನು ಇನ್ನೊಬ್ಬ. ಹಡಗಿನಲ್ಲಿ ಕೆಲಸ ಬೇಕಾದ ಖಲಾಸಿಯು ಮೊದಲು ದಲ್ಲಾಳಿಯ, ಸೆರಾಂಗನ ಕೈ ಬಿಸಿ ಮಾಡಬೇಕು. ಸೆರಾಂಗನೆಂದರೆ ಖಲಾಸಿಗಳ ಮೇಲಿನ ಮುಖ್ಯಸ್ಥ. ಅವನು ಮನಸ್ಸು ಮಾಡಿದರೆ ಕೆಲಸ, ಇಲ್ಲದಿದ್ದರೆ ತಿಂಗಳುಗಟ್ಟಲೆ ದಡದಲ್ಲಿ ಸಾಲ. ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಹಡಗುಗಳಲ್ಲಿ ಭಾರತೀಯ ನಾವಿಕರು ಸುಮಾರು 50,000 ಮಂದಿ ಇದ್ದರು. ಅವರ ಸಂಬಳ ಬ್ರಿಟಿಷ್ ನಾವಿಕನ ಸಂಬಳದ ಕಾಲು ಭಾಗದ ಆಸುಪಾಸು. ಟಾರ್ಪಿಡೋ ಮಾತ್ರ ಇಬ್ಬರಿಗೂ ಒಂದೇ. 1939ರಲ್ಲಿ ಬ್ರಿಟನ್ನಿನ ಬಂದರುಗಳಲ್ಲಿಯೇ ಭಾರತೀಯ ನಾವಿಕರು ಮುಷ್ಕರ ಹೂಡಿದರು, ಹಲವರು ಜೈಲು ಕಂಡರು.

ಈ ಜನರಲ್ಲಿ ಎಷ್ಟು ಬಗೆ! ಅಟ್ಟದ ಮೇಲೆ ಕೆಲಸ ಮಾಡುವವರಲ್ಲಿ ರತ್ನಾಗಿರಿಯ ಕಡೆಯ ಮುಸಲ್ಮಾನರು ಬಹಳ. ಅಡಿಗೆ, ಊಟದ ಕೋಣೆಗಳಲ್ಲಿ ಗೋವೆಯ ಕ್ರೈಸ್ತರು. ಎಂಜಿನಿನ ಬೆಂಕಿಯ ಮುಂದೆ ಪಂಜಾಬಿಗಳು, ಪಠಾಣರು. ಗೋವೆಯವರು ಮುಂಬಯಿಯಲ್ಲಿ ತಮ್ಮ ತಮ್ಮ ಊರಿನ ಹೆಸರಿನ ಕ್ಲಬ್ಬುಗಳಲ್ಲಿ ಒಟ್ಟಾಗಿ ಇರುತ್ತಿದ್ದರು. ಕೊಂಕಣಿ, ಮರಾಠಿ, ಹಿಂದೂಸ್ತಾನಿ ಎಲ್ಲವೂ ಬೆರೆತ ಬಂದರಿನ ಮಾತು ಅಲ್ಲಿ ನಡೆಯುತ್ತಿತ್ತು. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಕಿವಿಯಲ್ಲಿ ಎರಡು ಮೂರು ಭಾಷೆ ಮೊದಲೇ ಇರುತ್ತವೆ. ದೇಸಾಯಿಯವರಿಗೆ ಅದು ಒದಗಿತು. ಆದರೆ ಭಾಷೆ ಬಂದರೆ ಸಾಲದು. ವರ್ಷದಲ್ಲಿ ಹೆಚ್ಚು ಕಾಲ ನೀರಿನ ಮೇಲಿರುವ ಮನುಷ್ಯನಿಗೆ ಉದ್ದ ಮಾತಿನ ಮೇಲೆ ನಂಬಿಕೆ ಇರುವುದಿಲ್ಲ. ದಡಕ್ಕೆ ಬಂದಾಗ ಅವನ ಬಾಕಿ ಸಂಬಳ ಸಿಕ್ಕಿತೋ ಇಲ್ಲವೋ ಎಂಬುದೇ ಅವನಿಗೆ ಸಂಘದ ಭಾಷಣ. ಹಡಗು ಕಂಪನಿಯ ಯಜಮಾನನಿಗೆ ಬೇಕಾದುದು ಬೇರೆ: ಗಂಟೆಗಳ, ಸಂಬಳದ, ಮಲಗುವ ಜಾಗದ ಅಳತೆಯ ಪಟ್ಟಿ. ಸರಕಾರಕ್ಕೆ ಬೇಕಾದುದು ಮತ್ತೊಂದು: ಬೇರೆ ದೇಶಗಳಲ್ಲಿ ಏನು ನಿಯಮವಿದೆ ಎಂಬ ಆಧಾರ. ದೇಸಾಯಿಯವರ ಪುಸ್ತಕ ಕಡೆಯ ಇಬ್ಬರಿಗಾಗಿ ಬರೆದುದು. ಮೊದಲನೆಯವನಿಗಾಗಿ ಅವರು ಪುಸ್ತಕ ಬರೆಯಲಿಲ್ಲ, ಸಂಘದ ಕಚೇರಿಯ ಬಾಗಿಲು ತೆರೆದಿಟ್ಟು ಕುಳಿತರು. ಈ ಕೆಲಸದ ಸಂಬಂಧವಾಗಿ ಪಶ್ಚಿಮ ದೇಶಗಳನ್ನೂ ಕಂಡು ಬಂದರು. ನಾ ಕಂಡ ಪಡುವಣ ಎಂಬ ಅವರ ಪ್ರವಾಸದ ಪುಸ್ತಕ ಕನ್ನಡಕ್ಕೆ ದೊರೆತ ಲಾಭ.

ಹೀಗೆ ಹಲವು ಬಾಯಿಯ ಮನುಷ್ಯನನ್ನು ನಮ್ಮ ಜನ ಸುಲಭವಾಗಿ ನಂಬುವುದಿಲ್ಲ. ಗಾಳಿ ಬಂದಾಗ ತೂರಿಕೊಳ್ಳುವವನೆಂದು ಕರೆಯುತ್ತಾರೆ. ನನಗೂ ಓದುತ್ತಿರುವಾಗ ಈ ಸಂಶಯ ಬಂದಿತ್ತು. ರೈತನ ಮುಂದೆ ಒಂದು, ಮಂತ್ರಿಯ ಮುಂದೆ ಒಂದು, ಯಜಮಾನನ ಮುಂದೆ ಇನ್ನೊಂದು ಎಂದರೆ ಎರಡು ನಾಲಿಗೆಯಾಗಲಿಲ್ಲವೇ? ಬಹಳ ಯೋಚಿಸಿದ ಮೇಲೆ ನನಗೆ ಹೊಳೆದುದು ಇಷ್ಟು. ಎರಡು ನಾಲಿಗೆಯವನು ಕೇಳುವವನಿಗೆ ತಕ್ಕಂತೆ ತನ್ನ ಬೇಡಿಕೆಯನ್ನು ಬದಲಿಸುತ್ತಾನೆ. ದೇಸಾಯಿಯವರು ದನಿಯನ್ನೂ ಉದಾಹರಣೆಯನ್ನೂ ಬದಲಿಸಿದರು, ಬೇಡಿಕೆಯನ್ನು ಬದಲಿಸಲಿಲ್ಲ. ಉಳುವವನಿಗೆ ಭೂಮಿಯೆಂದು ಅವರು ಕೇರಿಯಲ್ಲಿ ಹೇಳಿದುದನ್ನು ಮುಂಬಯಿಯಲ್ಲಿ ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ಗಡೀಪಾರು ತಪ್ಪುತ್ತಿತ್ತೇನೋ.

1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಹಳ್ಳಿಯ ಮಕ್ಕಳಿಗೆ ಹಾಯಸ್ಕೂಲುಗಳು ಬೇಕಾಗಿದ್ದವು. ಒಕ್ಕಲಿನ ಮಗ ಪಹಣಿಯನ್ನು ತಾನೇ ಓದಬಲ್ಲವನಾದರೆ ಅವನ ಪರವಾಗಿ ಇನ್ನೊಬ್ಬನು ಮಾತನಾಡಬೇಕಾಗಿಲ್ಲ. ಶಿರಾಲಿ, ಮುರ್ಡೇಶ್ವರ, ದಾಂಡೇಲಿ ಮೊದಲಾದ ಕಡೆ ಜನತಾ ವಿದ್ಯಾಲಯಗಳು ಎದ್ದವು. 1966ರಲ್ಲಿ, ಗೋಖಲೆಯವರ ಜನ್ಮಶತಾಬ್ದಿಯ ವರ್ಷ, ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಹೆಸರುಗಳನ್ನು ನೋಡಿರಿ: ಒಂದರಲ್ಲಿ ಜನತೆ, ಇನ್ನೊಂದರಲ್ಲಿ ಗುರು. ಶಾಲೆ ಕಟ್ಟುವವನು ದಾನಿಯೊಡನೆ, ಇಲಾಖೆಯ ಅಧಿಕಾರಿಯೊಡನೆ, ಮಗನನ್ನು ದನ ಕಾಯಲು ಕಳುಹಿಸುವ ತಂದೆಯೊಡನೆ, ಸಂಬಳ ತಡವಾದ ಮಾಸ್ತರನೊಡನೆ ಒಂದೇ ದಿನದಲ್ಲಿ ಮಾತನಾಡಬೇಕು. ಇವರಲ್ಲಿ ಕಡೆಯವನೊಡನೆ ಮಾತನಾಡುವುದೇ ಅತ್ಯಂತ ಕಷ್ಟವೆಂದು ನಮ್ಮ ಅಧ್ಯಾಪಕರು ನಗುತ್ತ ಹೇಳಿದರು.

ಐವತ್ತರ ದಶಕದಲ್ಲಿ ಅಂಕೋಲೆಯಿಂದ ಜನಸೇವಕ ಎಂಬ ವಾರಪತ್ರಿಕೆಯೂ ಹೊರಟಿತು. ಹೊಳೆಯಾಚೆಯ ಗೋಕರ್ಣದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಗೌರೀಶ ಕಾಯ್ಕಿಣಿಯವರೂ ಅದರಲ್ಲಿ ಬರೆಯುತ್ತಿದ್ದರು. ದೇಸಾಯಿಯವರ ಚೌಪದಿಗಳು ಜನರ ಬಾಯಿಗೆ ಬಂದುದು ಈ ಪತ್ರಿಕೆಯಿಂದ. ನಾಲ್ಕೇ ಸಾಲು, ಕಡೆಗೆ ಪ್ರಾಸ, ದಿನಬಳಕೆಯ ಮಾತು. ಅವರು ದೊಡ್ಡ ಕವಿತೆ ಬರೆಯಲಾರದವರಲ್ಲ. 1950ರ ಕವನ ಸಂಗ್ರಹವನ್ನೂ ದಾಸಾಳವನ್ನೂ ನೋಡಿದವರು ಅದನ್ನು ಬಲ್ಲರು. ದಾಸವಾಳವನ್ನು ನಮ್ಮ ಕರಾವಳಿಯವರು ಕರೆಯುವಂತೆ ದಾಸಾಳವೆಂದೇ ಪುಸ್ತಕಕ್ಕೆ ಹೆಸರಿಟ್ಟವರ ಕಿವಿ ಯಾವ ಕಡೆಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅವರು ನಾಲ್ಕು ಸಾಲಿಗೆ ಇಳಿದರು. ಏಕೆಂದು ನಾನು ಊಹಿಸುತ್ತೇನೆ. ಊರಿಗೆ ಒಂದು ಪತ್ರಿಕೆ ಬಂದರೆ ಓದು ಬಲ್ಲವನೊಬ್ಬನು ಚಹದಂಗಡಿಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಾನೆ, ಹತ್ತು ಮಂದಿ ಕೇಳುತ್ತಾರೆ. ಅಗ್ರಲೇಖನವನ್ನು ಕೇಳಿ ಮನೆಗೆ ಹೊತ್ತುಕೊಂಡು ಹೋಗಲಾಗುವುದಿಲ್ಲ. ನಾಲ್ಕು ಸಾಲನ್ನು ಹೊತ್ತುಕೊಂಡು ಹೋಗಬಹುದು. ಲಂಚ, ಬೆಲೆ ಏರಿಕೆ, ಮಂತ್ರಿಗಳ ಆಶ್ವಾಸನೆ, ಮಠ ಮಂದಿರದ ಆಡಂಬರ, ಎಲ್ಲವೂ ಈ ನಾಲ್ಕು ಸಾಲಿನಲ್ಲಿ ಸಿಕ್ಕಿಬಿದ್ದವು. ತಮ್ಮನ್ನೇ ಹೆಸರು ಹಿಡಿದು ಗೇಲಿ ಮಾಡಿಕೊಳ್ಳುವ ಅಭ್ಯಾಸವೂ ಅವರಿಗಿತ್ತು. ತನ್ನನ್ನು ನೋಡಿ ನಗಬಲ್ಲವನು ಇನ್ನೊಬ್ಬರನ್ನು ಚುಚ್ಚಿದರೆ ಜನ ತಾಳಿಕೊಳ್ಳುತ್ತಾರೆ.

ಎಲ್ಲರೂ ತಾಳಿಕೊಳ್ಳುವುದಿಲ್ಲವೆಂಬುದನ್ನೂ ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ಚೌಪದಿಯಲ್ಲಿ ಒಂದು ದೋಷವಿದೆ. ಅದು ನಗುವ ಮನಸ್ಸಿನವನಿಗೆ ಹೇಳಿ ಮಾಡಿಸಿದ ಮಾತು. ಮಾನಕ್ಕೆ ಅಂಜುವವನಿಗೆ ಅದು ಗಾಯ. ಖಾಸಗಿಯಾಗಿ ಒಂದು ಕಾಗದ ಬರೆದಿದ್ದರೆ ತಿದ್ದಿಕೊಳ್ಳಬಹುದಾಗಿದ್ದ ಅಧಿಕಾರಿಯು ನಾಲ್ಕು ಸಾಲಿನಲ್ಲಿ ಊರೆಲ್ಲ ನಕ್ಕ ಮೇಲೆ ಹಟ ಹಿಡಿದು ಕೂರುವುದು ಮನುಷ್ಯಸಹಜ. ಮೊನಚಾದ ಪ್ರಾಸವೊಂದು ಸಿಕ್ಕಾಗ ಅದನ್ನು ಬಿಟ್ಟುಕೊಡುವುದು ಕವಿಗೆ ಕಷ್ಟ. ಮಂದಿಯನ್ನು ಅಷ್ಟು ಬಲ್ಲ ದೇಸಾಯಿಯವರೂ ಇಲ್ಲಿ ಕೆಲವೊಮ್ಮೆ ಕೇಳುವವನಿಗಿಂತ ಮಾತನ್ನೇ ಹೆಚ್ಚು ಪ್ರೀತಿಸಿದರೇನೋ ಎನಿಸುತ್ತದೆ. ಹಿರಿಯರು ನನ್ನ ಈ ಟೀಕೆಯನ್ನು ಕ್ಷಮಿಸಲಿ.

ಮಕ್ಕಳೊಡನೆ ಮಾತ್ರ ಅವರು ಎಂದೂ ತಪ್ಪಲಿಲ್ಲ. ಗಡಿಯಾರವನ್ನು ಕುರಿತ ಅವರ ಪದ್ಯವನ್ನು ನಾವೆಲ್ಲರೂ ಕನ್ನಡ ಶಾಲೆಯಲ್ಲಿ ಕೈತಟ್ಟುತ್ತ ಹಾಡಿದ್ದೇವೆ. ಅದು ದಿನಕರ ದೇಸಾಯಿಯವರದೆಂದು ನಮ್ಮ ತರಗತಿಯಲ್ಲಿ ಕೇಳಿದಾಗ ಮೂರು ಮಂದಿಯೂ ಕೈ ಎತ್ತಲಿಲ್ಲ. ಕಾರ್ಮಿಕ ಕಾಯಿದೆಯ ಪುಸ್ತಕ ಬರೆದ ಕೈಯೇ ಅದನ್ನು ಬರೆಯಿತು. ಮಗುವಿಗೆ ಹೊತ್ತಿನ ಬೆಲೆಯನ್ನು ಹೇಳಬೇಕೆಂದು ಹೊರಟ ಇನ್ನೊಬ್ಬರು ಬುದ್ಧಿವಾದ ಹೇಳುತ್ತಿದ್ದರು. ಇವರು ಗಡಿಯಾರವನ್ನೇ ಗೆಳೆಯನನ್ನಾಗಿ ಮಾಡಿ ಮಾತನಾಡಿಸಿದರು.

1967ರಲ್ಲಿ ಅವರು ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತರು. ಅದಕ್ಕೆ ಮೊದಲಿನ ಮೂರು ಚುನಾವಣೆಗಳಲ್ಲಿ, 1952, 1957, 1962ರಲ್ಲಿ, ಇಲ್ಲಿ ಗೆದ್ದವರು ಕಾಂಗ್ರೆಸ್ಸಿನ ಜೋಕಿಮ್ ಆಳ್ವಾ ಅವರು. ಪಕ್ಷದ ಬಲವಿಲ್ಲದವನು ಈ ಜಿಲ್ಲೆಯಲ್ಲಿ ಮತ ಕೇಳುವುದೆಂದರೇನೆಂಬುದನ್ನು ಸ್ವಲ್ಪ ಕಲ್ಪಿಸಿಕೊಳ್ಳಿರಿ. ಘಟ್ಟದ ಮೇಲೆ ಶಿರಸಿ ಸಿದ್ದಾಪುರಗಳ ಅಡಿಕೆ ತೋಟದವರು, ಸಾವಧಾನವಾಗಿ ಕವಳ ಹಾಕಿ ಆಮೇಲೆ ವಿಷಯಕ್ಕೆ ಬರುವವರು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಕೆಲಸಗಾರರು, ಪಾಳಿಯ ಭೋಂಗಾ ಆಗುವುದರೊಳಗೆ ಮಾತು ಮುಗಿಯಬೇಕೆನ್ನುವವರು. ಹಳಿಯಾಳದ ಕಡೆ ಮರಾಠಿ, ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತರು, ಕಾಡಿನಂಚಿನಲ್ಲಿ ಸಿದ್ದಿಗಳು, ಗವಳಿಗಳು. ಕರಾವಳಿಯುದ್ದಕ್ಕೂ ಮೀನುಗಾರರು, ಹಾಲಕ್ಕಿಗಳು, ನಾಮಧಾರಿಗಳು. ಇಂಥಲ್ಲಿ ಅವರು 1967ರಲ್ಲಿ ಗೆದ್ದು ನಾಲ್ಕನೆಯ ಲೋಕಸಭೆಯಲ್ಲಿ ಕುಳಿತರು. ದಿಲ್ಲಿಯ ದಿನಗಳನ್ನು ಕುರಿತು ನಾನು ಹೆಚ್ಚು ಬರೆಯುವುದಿಲ್ಲ. ಮನುಷ್ಯನು ಅಲ್ಲಿಗೆ ತಲುಪಿದ ದಾರಿಯೇ ನನಗೆ ಹೆಚ್ಚು ಸ್ವಾರಸ್ಯದ್ದಾಗಿ ಕಂಡಿತು.

ಭೂಮಿಯ ಮಾತಿಗೆ ಕೊನೆಗೂ ಫಲ ಬಂದಿತು. 1974ರಲ್ಲಿ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರನು ನಮೂನೆ 7ನ್ನು ತುಂಬಿಕೊಟ್ಟು ನ್ಯಾಯಮಂಡಳಿಯ ಮುಂದೆ ತನ್ನ ಉಳುಮೆಯನ್ನು ತೋರಿಸಿದರೆ ಭೂಮಿ ಅವನದಾಯಿತು. ನಮ್ಮ ಕಡೆಯ ಹಿರಿಯರು ಇದನ್ನು ಡಿಕ್ಲರೇಶನ್ ಎಂದು ಇಂದಿಗೂ ಕರೆಯುತ್ತಾರೆ. ಮೂವತ್ತರ ದಶಕದಲ್ಲಿ ರೈತಕೂಟದ ಸಭೆಗೆ ಕದ್ದು ಹೋದವನ ಮಗನು ಎಪ್ಪತ್ತರ ದಶಕದಲ್ಲಿ ತಾಲೂಕು ಕಚೇರಿಗೆ ನೆಟ್ಟಗೆ ನಡೆದು ಹೋದನು. ನಡುವೆ ಸುಮಾರು ಮೂವತ್ತೈದು ವರ್ಷ. ದೇಸಾಯಿಯವರು ಅದನ್ನು ಕಣ್ಣಾರೆ ಕಂಡರು. 1982ರ ನವೆಂಬರ 6ರಂದು ಅವರು ತೀರಿಕೊಂಡರು.

ಇಷ್ಟನ್ನು ಓದಿಕೊಂಡ ಮೇಲೆ ನಾನು ಆ ಅಜ್ಜಿಯ ಮನೆಗೆ ಇನ್ನೊಮ್ಮೆ ಹೋದೆ. ಫೋನನ್ನು ಜೇಬಿನಿಂದ ತೆಗೆಯಲಿಲ್ಲ. ಜಗಲಿಯ ಕೆಳಗೆ ಕುಳಿತು, ಗದ್ದೆ ಯಾವ ವರ್ಷ ಅವರ ಹೆಸರಿಗೆ ಆಯಿತೆಂದು ಮಾತ್ರ ಕೇಳಿದೆ. ಆಕೆ ಬಹಳ ಹೊತ್ತು ನನ್ನನ್ನು ನೋಡಿದಳು. ನಾನು ತಾರಿಯ ಅಜ್ಜನ ಮೊಮ್ಮಗನೇ ಎಂದು ಕೇಳಿದಳು, ಹೌದೆಂದೆ. ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಹಳೆಯ ಕಾಗದವನ್ನು ತಂದಳು. ನ್ಯಾಯಮಂಡಳಿಯ ಆದೇಶದ ಪ್ರತಿ, ಮಡಿಕೆಯಲ್ಲಿ ಹರಿದಿತ್ತು. ಅದರಲ್ಲಿ ಏನಿದೆಯೆಂದು ಇದುವರೆಗೆ ಯಾರೂ ಪೂರ್ತಿಯಾಗಿ ಓದಿ ಹೇಳಿರಲಿಲ್ಲವಂತೆ. ಮೊದಲು ಕಚೇರಿಯ ಕನ್ನಡದಲ್ಲಿ ಇದ್ದ ಹಾಗೆ ಓದಿದೆ. ಆಮೇಲೆ ಒಂದೊಂದೇ ಸಾಲನ್ನು ನಮ್ಮ ಮಾತಿನಲ್ಲಿ ಹೇಳಿದೆ. ಗಂಡನ ಹೆಸರು ಬಂದಾಗ ಇನ್ನೊಮ್ಮೆ ಓದು ಎಂದಳು. ಮೂರು ಸಲ ಓದಿದೆ. ಆಕೆ ಕಾಗದವನ್ನು ಮಡಚಿ ಒಳಗಿಟ್ಟು ಬಂದು, ಗದ್ದೆಯನ್ನು ಬೇಕಾದರೆ ನೋಡಿಕೋ, ತನ್ನ ಮುಖದ ಚಿತ್ರ ಮಾತ್ರ ತೆಗೆಯಬೇಡ ಎಂದಳು. ಹೊಳೆಯ ದಂಡೆಗೆ ಬಂದ ಮೇಲೆ ನೆನಪಾಯಿತು: ಸರ್ವೆ ನಂಬರು ಆ ಕಾಗದದಲ್ಲಿಯೇ ಇತ್ತು, ನಾನು ಬರೆದುಕೊಂಡಿರಲಿಲ್ಲ. ಮರುದಿನ ಮತ್ತೆ ಹೋಗಬೇಕಾಯಿತು.